ಸಿದ್ದಪ್ಪ ಕಾಕಾನ ಬೆನ್ನ ಹಿಂದೆ ಇದ್ದದ್ದು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಸಿದ್ದಪ್ಪ ಕಾಕಾನ ಅಂಗಿಯ ಹಿಂದಿನ ಚುಂಗು ಹಿಡಿದುಕೊಂಡು ನಿಲ್ಲುವುದಷ್ಟೇ ನನಗಿದ್ದ ಕೆಲಸ. ಅಷ್ಟನ್ನೂ ನೆಟ್ಟಗೆ ಮಾಡಲಿಲ್ಲ.

ಕಾಕಾ ಫೋಟೋ ತೆಗೆಯುವಾಗ ಹಿಂದಕ್ಕೆ ನಡೆಯುತ್ತಿದ್ದರು. ಕಣ್ಣು ಕ್ಯಾಮೆರಾದೊಳಗೆ, ಕಾಲು ಹಿಂದಕ್ಕೆ. "ಇನ್ನೊಂದೆರಡ ಹೆಜ್ಜಿ... ಹಾಂ, ಈಗ ಪೂರಾ ಬಂತ ನೋಡು" ಎಂದು ತಮಗೆ ತಾವೇ ಹೇಳಿಕೊಳ್ಳುತ್ತ, ಎದುರಿನದನ್ನೆಲ್ಲ ಚಿತ್ರದೊಳಗೆ ತುಂಬಿಸುವ ಆಸೆಯಲ್ಲಿ ಬೆನ್ನ ಹಿಂದಿನದನ್ನು ಪೂರ್ತಿ ಮರೆಯುವ ಮನುಷ್ಯ. ಬೆಟಗೇರಿಯ ನಮ್ಮ ಓಣಿಯಲ್ಲಿ ನೇಯಲೆಂದು ಬಿಗಿದು ಕಟ್ಟಿದ್ದ ಸೀರೆಯ ಹಾಸಿನ ಮೇಲೆ ಹೀಗೇ ಹೋಗಿ ಬಿದ್ದು, ನೂಲನ್ನೆಲ್ಲ ಹರಿದಿದ್ದರು. ನೇಯುವ ಶಾಂತವ್ವ ಸೊಂಟಕ್ಕೆ ಕೈಕೊಟ್ಟು ನಿಂತು, "ಕಾಕಾ, ಮುಂದ ನೋಡಾಕ ನಿಮಗ ಎರಡ ಕಣ್ಣು, ಮ್ಯಾಲ ಒಂದ ಕ್ಯಾಮೆರಾ. ಹಿಂದ ನೋಡಾಕ ಒಬ್ಬ ಆಳ ಇಟ್ಕೊಳ್ರಿ" ಎಂದಳು.

ಸಂಬಳವಿಲ್ಲದ ಆ ಆಳು ನಾನಾದೆ, ಈ ಬಸ್ಯಾ. ಆಗ ನನಗೆ ಬೇರೆ ಉದ್ಯೋಗವೂ ಇರಲಿಲ್ಲ. ಊರ ಮಂದಿಯ ಧ್ವನಿ ಅಣಕಿಸಿ ನಗಿಸುವುದನ್ನೇ ಉದ್ಯೋಗ ಅಂದುಕೊಂಡಿದ್ದೆ. ಬಸ್ಸಿನ ಕಂಡಕ್ಟರು, ನಮ್ಮಪ್ಪ ಬೈಯುವುದು, ಬೈಸಿಕೊಂಡ ನಾನು ಮೂಗು ಸೇದುವುದು, ಎಲ್ಲ ಬರುತ್ತಿತ್ತು. ಕಾಕಾನದು ಬಲು ಸುಲಭ: ಮೊದಲೊಂದು ಒಣ ಕೆಮ್ಮು, ಆಮೇಲೆ ಮೂಗಿನಿಂದ ಉದ್ದನೆಯ "ಹಾಂ". ಅವರೆದುರಿಗೇ ಮಾಡಿ ತೋರಿಸಿದರೆ, "ಲೇ ಮಂಗ್ಯಾ, ಅದು ನಾ ಅಲ್ಲ, ನಮ್ಮಪ್ಪ" ಎನ್ನುತ್ತಿದ್ದರು.

ಕಾಕಾಗೆ ವಾರವಿಡೀ ಶಾಲೆಯೊಂದರಲ್ಲಿ ಗುಮಾಸ್ತಿಕೆ, ರವಿವಾರ ನನ್ನ ಬೈಕಿನ ಹಿಂದಿನ ಸೀಟು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ಅವರ ಪ್ರವಾಸವೆಲ್ಲ ಒಂದು ಟಾಕಿ ಪೆಟ್ರೋಲಿನೊಳಗೆ ಮುಗಿಯುತ್ತಿತ್ತು. ಸಂಜೆ ಮೆಚ್ಚಿನ ಫೋಟೋಗಳನ್ನು ಟಿವಿಗೆ ಹಾಕಿ ಓಣಿಯವರಿಗೆ ತೋರಿಸುವರು. ವಿಚಿತ್ರವೆಂದರೆ, ಫೋಟೋದಲ್ಲಿ ಇದ್ದದ್ದಕ್ಕಿಂತ ಇಲ್ಲದ್ದನ್ನೇ ಹೆಚ್ಚು ಹೇಳುವರು.

"ಇದು ಲಕ್ಷ್ಮೇಶ್ವರದ ಗುಡಿ. ನನ್ನ ಹಿಂದ ಒಂದ ಗೂಳಿ ನಿಂತಿತ್ತು. ಇದು ಶಿರಹಟ್ಟಿ ದಾರಿ, ಬಿಸಲ ನೋಡ್ರಿ ಹೆಂಗ ಬಿದ್ದೈತಿ. ಹಿಂದ ಕಟ್ಟಿ ಇಲ್ಲದ ಬಾವಿ. ಬಸ್ಯಾ ಜಗ್ಗಿದ, ಅಂಗೀದು ಒಂದ ಗುಂಡಿ ಹೋತು."

ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಆ ಬಾವಿಯ ಅಂಚಿನಲ್ಲಿ ಕಾಕಾನ ಹಿಮ್ಮಡಿ ತಾಗಿ ಉರುಳಿದ ಕಲ್ಲು ನೀರಿಗೆ ಬಿದ್ದ ಸದ್ದು ಬಹಳ ತಡವಾಗಿ ಬಂದಿತ್ತು. ಅದನ್ನು ಕೇಳಿದವನು ನಾನೊಬ್ಬನೇ. ಕಾಕಾನ ಹೆಂಡತಿ ನೀಲಕ್ಕ ಕಾಕೂ ಆ ಫೋಟೋ ಬಂದೊಡನೆ ಎದ್ದು ಒಳಗೆ ಹೋಗುತ್ತಿದ್ದರು. ನಾವು ಹೊರಗೆ ಹೋದಾಗಲೆಲ್ಲ ಫೋನು ಮಾಡುತ್ತಿದ್ದರು. ಕಾಕಾನೋ, ಫೋಟೋ ತೆಗೆಯುವಾಗ ಕೈ ಅಲುಗುತ್ತದೆಂದು ತಮ್ಮ ಫೋನನ್ನು ನನ್ನ ಕಿಸೆಗೆ ಹಾಕಿಬಿಡುವರು.

ಆ ರವಿವಾರ ಡೋಣಿಗೆ ಹೋಗಿದ್ದೆವು. ಅದು ಕಾಕೂನ ತವರು. ಅವರ ತಮ್ಮ ಮಲ್ಲಣ್ಣನ ಮನೆಯಲ್ಲಿ ಚಹಾ ಕುಡಿದು ಕಪ್ಪತಗುಡ್ಡ ಹತ್ತಿದೆವು. ಮೇಲೆ ಕರೆಂಟು ತೆಗೆಯುವ ಗಾಳಿ ಫ್ಯಾನುಗಳ ಸಾಲು, ಎದೆಯುದ್ದ ಹುಲ್ಲು. ಕಾಕಾಗೆ ಒಂದು ಫ್ಯಾನು ಬುಡದಿಂದ ತುದಿಯವರೆಗೆ ಬೇಕಾಗಿತ್ತು. "ಇನ್ನೊಂದೆರಡ ಹೆಜ್ಜಿ" ಶುರುವಾಯಿತು. ನಾನು ಚುಂಗು ಹಿಡಿದೆ.

ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಕಾಕೂ. ಗಾಳಿಯ ಸದ್ದಿಗೆ ಏನೂ ಕೇಳದು. ಚುಂಗು ಬಿಟ್ಟು, ಬಂಡೆಯೊಂದರ ಮರೆಗೆ ಹೋಗಿ, ಹುಡುಗಾಟಕ್ಕೆ ಕಾಕಾನಂತೆ ಕೆಮ್ಮಿದೆ.

"ಹಾಂ... ಇಲ್ಲೇ ಅದೀನಿ. ಏನೂ ಚಿಂತಿ ಮಾಡಬ್ಯಾಡ. ನಿಂದು ಊಟ ಆತೇನು?"

ಆ ಕಡೆ ಫೋನು ಕಟ್ಟಾಯಿತು. ನನ್ನ ಜಾಣತನಕ್ಕೆ ನಾನೇ ನಗುತ್ತ ತಿರುಗಿದೆ. ಕಾಕಾ ಇರಲಿಲ್ಲ.

ಅಡಗಿದ್ದಾರೆ ಅಂದುಕೊಂಡೆ. "ಕಾಕಾ, ಸಾಕ್ರಿ" ಎಂದೆ. ಹುಲ್ಲಷ್ಟೇ ಅಲುಗಿತು. ನಾಲ್ಕು ಹೆಜ್ಜೆ ಮುಂದೆ ಅವರ ಒಂದು ಚಪ್ಪಲಿ ಬಿದ್ದಿತ್ತು. ಅದರಾಚೆ ನೆಲವೇ ಇರಲಿಲ್ಲ. ಬಗ್ಗಿ ನೋಡಿದೆ. ಜಾಲಿ ಮುಳ್ಳು, ಕೆಂಪು ಕಲ್ಲು, ಮತ್ತೂ ಕೆಳಗೆ ನೆರಳು. ಕೂಗಿದೆ. ಅಷ್ಟು ಮಂದಿಯ ಧ್ವನಿ ಬಲ್ಲ ಗಂಟಲಿನಿಂದ ಹೊರಟದ್ದು ಕುರಿಮರಿಯ ದನಿ; ಅದು ನನ್ನದೇ ಎಂದು ತಿಳಿಯಲು ಹೊತ್ತು ಹಿಡಿಯಿತು. ಕೆಳಗಿನಿಂದ ಉತ್ತರವಿಲ್ಲ. ತಲೆಯ ಮೇಲೆ ಆ ದೊಡ್ಡ ರೆಕ್ಕೆಗಳು ಏನೂ ಆಗಿಲ್ಲವೆಂಬಂತೆ ತಿರುಗುತ್ತಿದ್ದವು. ಮುಳ್ಳು ಹಿಡಿದು ಇಳಿಯಹೋದೆ, ಕಾಲ ಕೆಳಗಿನ ಕಲ್ಲು ಜಾರಿತು, ಮತ್ತೆ ಮೇಲೆ ತೆವಳಿದೆ. ಬಿಸಿಲು ಇಳಿಯುತ್ತಿತ್ತು. ಈ ಗುಡ್ಡದಲ್ಲಿ ಚಿರತೆ ಇದೆಯೆಂದು ಮಲ್ಲಣ್ಣ ಮುಂಜಾನೆಯಷ್ಟೇ ಹೇಳಿದ್ದ. ಎಲ್ಲಕ್ಕಿಂತ ಹೆಚ್ಚಾಗಿ ಒಂದೇ ಮಾತು ಎದೆಯನ್ನು ಹಿಂಡುತ್ತಿತ್ತು: ಚಿಂತೆ ಮಾಡಬೇಡ ಎಂದು ಗಂಡನ ಧ್ವನಿಯಲ್ಲಿ ಹೇಳಿ ಮುಗಿಸಿದ್ದೇನೆ, ಇನ್ನು ಯಾವ ಧ್ವನಿಯಲ್ಲಿ ಉಳಿದದ್ದನ್ನು ಹೇಳಲಿ? ಸಹಾಯಕ್ಕೆ ಕರೆಯಲು ಫೋನು ತೆಗೆದು ಮಲ್ಲಣ್ಣನ ನಂಬರು ಹುಡುಕತೊಡಗಿದೆ.

ಅಷ್ಟರಲ್ಲಿ ಕೆಳಗೆ ಬೈಕಿನ ಸದ್ದು. ಮಲ್ಲಣ್ಣ, ಜೊತೆಗೆ ಇನ್ನಿಬ್ಬರು, ಹೆಗಲ ಮೇಲೆ ಹಗ್ಗ.

"ಮಾವಾರ ಎಲ್ಲದಾರ್ಲೇ? ಅಕ್ಕ ಫೋನ್ ಮಾಡಿದ್ಲು, ಜಲ್ದಿ ಹೋಗು, ಏನೋ ಆಗೇತಿ ಅಂದ್ಲು."

ನಾನು ಚಪ್ಪಲಿ ತೋರಿಸಿದೆ.

ಕಾಕಾ ಜಾಲಿಯ ಪೊದೆಯಲ್ಲಿ ಸಿಕ್ಕಿಕೊಂಡಿದ್ದರು. ಕಾಲು ಮುರಿದಿತ್ತು, ಎಚ್ಚರ ತಪ್ಪಿತ್ತು, ಕ್ಯಾಮೆರಾವನ್ನು ಎದೆಗವಚಿಕೊಂಡಿದ್ದರು. ಹಗ್ಗ ಕಟ್ಟಿ ಎತ್ತುವಾಗ ಕಣ್ಣು ಬಿಟ್ಟು, "ಪೂರಾ ಬಂತೇನಲೇ?" ಎಂದರು. ನಾನು ಅತ್ತೆ.

ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ. ಕಾಕಾ ಕೋಲು ಹಿಡಿದು ಅಂಗಳ ದಾಟುವುದೇ ಹೆಚ್ಚು. ರವಿವಾರ ನನ್ನ ಬೈಕಿನ ಹಿಂದಿನ ಸೀಟು ಖಾಲಿ. ಬೀಳುವಾಗ ಬೆರಳೊತ್ತಿ ಬಂದ ಫೋಟೋ ಈಗ ಅವರಿಗೆ ಎಲ್ಲಕ್ಕಿಂತ ಮೆಚ್ಚು. ಸೊಟ್ಟ ಆಕಾಶ, ಮೂಲೆಯಲ್ಲಿ ಒಂದು ರೆಕ್ಕೆ. ಅದನ್ನು ತೋರಿಸುವಾಗ ಹಿಂದೆ ಏನಿತ್ತೆಂದು ಹೇಳುವುದಿಲ್ಲ.

ಮೊನ್ನೆ ಅವರ ಮನೆಗೆ ಹೋದಾಗ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಕಾಕೂ, ಅವತ್ತು ನಾ ಹುಬೇಹೂಬ ಕಾಕಾನಂಗ ಮಾತಾಡಿದ್ದೆ. ನಿಮಗ ಹೆಂಗ ಗೊತ್ತಾತು?"

ಕಾಕೂ ಬಳ್ಳೊಳ್ಳಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಧ್ವನಿಯೊಳಗ ಏನೂ ಕುಂದಿರಲಿಲ್ಲಪ್ಪ. ಆದ್ರ ಮದುವಿ ಆದಾಗಿಂದ ಇವರು ಒಮ್ಮೆರೆ 'ಊಟ ಆತೇನು' ಅಂತ ನನ್ನ ಕೇಳ್ಯಾರೇನು? ಅಲ್ಲೇ ಕುಂತಾರ, ಕೇಳ ನೋಡು."