ಯಾರೋ ಹಾಸಿದ ಹಾಸಿಗೆ

ಅವಳಿಗೆ ವಾರ್ಡಮ್ಮ ಎಂದು ಹೆಸರಿಟ್ಟವರು ರೋಗಿಗಳು. ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಆಯಾ ಆಗಿ ಸೇರಿದಾಗ ತಲೆಯಲ್ಲಿ ಒಂದು ಬಿಳಿ ಕೂದಲಿರಲಿಲ್ಲ. ನಿವೃತ್ತಿಯಾಗಿ ಹೊರಬಿದ್ದಾಗ ಕರಿಯದು ಹುಡುಕಿದರೂ ಸಿಗುತ್ತಿರಲಿಲ್ಲ. ನಡುವಿನ ಆಯುಷ್ಯವೆಲ್ಲ ಹಾಸಿಗೆ ಹಾಸುವುದರಲ್ಲೇ ಮುಗಿಯಿತು. ಬೆಳಿಗ್ಗೆ ದೊಡ್ಡ ಡಾಕ್ಟರು ಬರುವ ಮೊದಲು ಸಾಲು ಮಂಚಗಳ ಚಾದರವೆಲ್ಲ ಬದಲಾಗಬೇಕು, ಒಂದರಲ್ಲೂ ಸುಕ್ಕಿರಬಾರದು. ಏಳಲಾರದ ರೋಗಿಯಾದರೆ ಮಲಗಿದ್ದ ಹಾಗೆಯೇ ಪಕ್ಕಕ್ಕೆ ಹೊರಳಿಸಿ, ಹಳೆಯ ಚಾದರವನ್ನು ಬೆನ್ನಿಗೆ ತಾಗುವವರೆಗೆ ಸುತ್ತಿ, ಹೊಸದನ್ನು ಅರ್ಧ ಹರಡಿ, ಮತ್ತೆ ಈಚೆ ಹೊರಳಿಸಿ, ಉಳಿದರ್ಧ ಎಳೆದುಬಿಡುವಳು. ಜೊತೆಗೆ ಯಾರಿಲ್ಲದಿದ್ದರೂ ಒಬ್ಬಳೇ ಮಾಡುವಳು. ರೋಗಿಗೆ ನಿದ್ದೆಯಲ್ಲಿ ಎಚ್ಚರವೂ ಆಗುತ್ತಿರಲಿಲ್ಲ ಎಂದು ಆಸ್ಪತ್ರೆಯಲ್ಲಿ ಅವಳಿಗೆ ಹೆಸರೇ ಇತ್ತು.

ಮದುವೆಯ ಮಾತು ಎರಡು ಸಲ ಬಂತು, ಎರಡು ಸಲವೂ ಬಂದ ದಾರಿ ಹಿಡಿದು ಹೋಯಿತು. ಇದ್ದದ್ದು ತಮ್ಮನ ಮನೆಯಲ್ಲಿ. ಅಲ್ಲಿ ತಮ್ಮ, ತಮ್ಮನ ಹೆಂಡತಿ, ಅವರ ಇಬ್ಬರು ಮಕ್ಕಳು. ನಾಲ್ಕು ಜನರ ಹಾಸಿಗೆಯೂ ಯಾವ ಕಾಲದಿಂದಲೋ ಇವಳ ಪಾಲಿಗೇ. "ಅಕ್ಕ ಹಾಸಿದ ಹಾಗೆ ಯಾರಿಗೂ ಬರಲ್ಲ" ಎಂದು ತಮ್ಮ ಹೊಗಳುವನು. ಆ ಹೊಗಳಿಕೆ ಕೇಳಿದಾಗಲೆಲ್ಲ ವಾರ್ಡಮ್ಮನಿಗೆ ಅವನ ತಲೆಗೆ ದಿಂಬಿನಲ್ಲೇ ಒಂದು ಬಾರಿಸಬೇಕು ಅನ್ನಿಸುತ್ತಿತ್ತು. ನಿವೃತ್ತಿಯಾದ ಮೇಲೂ ಹಾಗೆಯೇ ಒಂದು ವರ್ಷ ಕಳೆಯಿತು. ಆಮೇಲೊಂದು ಬೆಳಿಗ್ಗೆ ತಮ್ಮನ ಮಗಳ ಹೊದಿಕೆ ಕೊಡವುತ್ತಿದ್ದವಳು ಅದನ್ನು ಅಲ್ಲೇ ಬಿಸಾಕಿ, ಊರು ನೋಡಿಕೊಂಡು ಬರ್ತೀನಿ ಎಂದಳು. ಊರು ನೋಡುವ ಆಸೆಯೇನೂ ಅವಳಿಗಿರಲಿಲ್ಲ. ಸಾಯುವುದರೊಳಗೆ ಒಮ್ಮೆ ಬೇರೆ ಯಾರಾದರೂ ಹಾಸಿದ ಹಾಸಿಗೆಯಲ್ಲಿ ಹೋಗಿ ಬಿದ್ದುಕೊಳ್ಳಬೇಕಿತ್ತು, ಅಷ್ಟೇ.

ಪಿಂಚಣಿಯಲ್ಲಿ ದೊಡ್ಡ ಹೋಟೆಲಿನ ಮೆಟ್ಟಿಲೂ ಹತ್ತಲಾಗದು. ಆಸ್ಪತ್ರೆಯ ಹಳೆಯ ನರ್ಸೊಬ್ಬಳು ಅಗ್ಗದ ಹಾಸ್ಟೆಲೊಂದರ ಫೋನ್ ನಂಬರು ಕೊಟ್ಟಳು. ಒಂದು ಕೋಣೆಯಲ್ಲಿ ಹಲವು ಮಂಚ, ತಲೆಗೊಂದರಂತೆ ಬಾಡಿಗೆ. ವಾರ್ಡಮ್ಮ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದಳು: "ಹಾಸಿಗೆ, ಚಾದರ ಎಲ್ಲಾ ನಿಮ್ದೇನಾ?" ಆ ಕಡೆಯಿಂದ, "ಎಲ್ಲಾ ಬಾಡಿಗೇಲೇ ಸೇರಿದೆ ಅಮ್ಮಾ" ಎಂಬ ಉತ್ತರ ಬಂತು. ಅಷ್ಟು ಸಾಕಿತ್ತು, ಬಸ್ಸು ಹತ್ತಿದಳು.

ಹಾಸ್ಟೆಲಿನ ಕೌಂಟರಿನಲ್ಲಿ ಕೂತಿದ್ದ ಮ್ಯಾನೇಜರಿಗೆ ಹೊಟ್ಟೆ ಮುಂದೆ, ನಗು ಅದಕ್ಕಿಂತ ಮುಂದೆ. ಅವನು ಕೀಲಿಯ ಜೊತೆಗೆ ಇಸ್ತ್ರಿ ಮಾಡಿ ಮಡಿಸಿದ ಚಾದರ ಮತ್ತು ದಿಂಬಿನ ಚೀಲವನ್ನು ಅವಳ ಕೈಮೇಲೆ ಇಟ್ಟ.

"ಇದೇನಪ್ಪಾ?"

"ಚಾದರ ಅಮ್ಮಾ. ಮೇಲೆ ಹೋಗಿ ಹಾಸ್ಕೊಳಿ. ಕೆಳಗಡೆ ಮಂಚಾನೇ ಕೊಟ್ಟಿದೀನಿ ನಿಮಗೆ."

"ಯಾರು ಹಾಸ್ಕೋಬೇಕು?"

"ನೀವೇ ಅಮ್ಮಾ. ಇಲ್ಲಿ ಎಲ್ರೂ ಅವರವರದ್ದು ಅವರೇ ಹಾಸ್ಕೊಳ್ಳೋದು. ಅದಕ್ಕೇ ಅಲ್ವಾ ಬಾಡಿಗೆ ಕಮ್ಮಿ."

ವಾರ್ಡಮ್ಮನ ಪಿತ್ತ ನೆತ್ತಿಗೇರಿತು. ಹಾಸಲು ಆಳಿಲ್ಲವೇ ಎಂದಳು, ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದಳು, ಆಸ್ಪತ್ರೆಯಲ್ಲಿ ಪುಕ್ಕಟೆ ರೋಗಿಗೂ ಹಾಸಿ ಕೊಡುತ್ತಾರೆ, ನಿಮಗೇನು ಬಂದಿದೆ ರೋಗ ಎಂದಳು. ಮ್ಯಾನೇಜರು ನಗುತ್ತಲೇ ಗೋಡೆ ತೋರಿಸಿದ. ಗೋಡೆಯ ತುಂಬ ಬಣ್ಣಬಣ್ಣದ ಬೋರ್ಡು: ನಿಮ್ಮ ತಟ್ಟೆ ನೀವೇ ತೊಳೆಯಿರಿ, ನಿಮ್ಮ ಕಸ ನೀವೇ ಎಸೆಯಿರಿ, ನಿಮ್ಮ ಹಾಸಿಗೆ ನೀವೇ ಹಾಸಿರಿ. ಪ್ರತಿಯೊಂದರ ಕೆಳಗೂ ಹಲ್ಲು ಕಿರಿಯುವ ಒಂದು ದುಂಡು ಮುಖ ಬರೆದಿತ್ತು. ಇಷ್ಟು ದೂರ ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ಬಂದದ್ದು ಈ ಹಲ್ಲು ನೋಡುವುದಕ್ಕೇನು?

ಕೋಣೆಯಲ್ಲಿ ಕೆಳಗೊಂದು ಮೇಲೊಂದು ಎಂದು ಜೋಡಿಸಿದ ಕಬ್ಬಿಣದ ಮಂಚಗಳು, ರೆಕ್ಸಿನ್ ಹೊದಿಸಿದ ತೆಳು ಹಾಸಿಗೆಗಳು. ಇಬ್ಬರು ಹುಡುಗಿಯರು ಆಗಲೇ ಇದ್ದರು. ವಾರ್ಡಿನಲ್ಲಿ ರೋಗಿಗಳನ್ನು ರೋಗದ ಹೆಸರಿನಲ್ಲೇ ಕರೆದು ಅಭ್ಯಾಸವಾದ ವಾರ್ಡಮ್ಮ ಇವರಿಗೂ ಕಂಡ ಕೂಡಲೇ ಹೆಸರಿಟ್ಟಳು. ಒಬ್ಬಳು ಸೈಕಲ್ಲು, ಊರೂರು ಸೈಕಲ್ಲಿನಲ್ಲೇ ಸುತ್ತುತ್ತ ಬಂದವಳು, ಮಂಡಿಯಲ್ಲಿ ತರಚು ಗಾಯ. ಇನ್ನೊಬ್ಬಳು ಇಂಟರ್‌ವ್ಯೂ, ಯಾವುದೋ ಬಟ್ಟೆ ಅಂಗಡಿಯಲ್ಲಿ ಕೆಲಸ ಕೇಳಲು ಬಂದು, ಕನ್ನಡಿಯ ಮುಂದೆ ನಿಂತು "ನಮಸ್ಕಾರ, ಹೇಗಿದ್ದೀರಿ? ಏನು ತೋರಿಸಲಿ?" ಎಂದು ನಗುವುದನ್ನು ಕಲಿಯುತ್ತಿದ್ದಳು. ಇಬ್ಬರ ಹಾಸಿಗೆಯೂ ನಾಯಿ ಹೊರಳಾಡಿದ ಹಾಗಿತ್ತು. ಒಂದು ಚಾದರದ ಅರ್ಧ ನೆಲದಲ್ಲೇ ಬಿದ್ದಿತ್ತು.

ಸರಿಮಾಡಲು ವಾರ್ಡಮ್ಮನ ಕೈ ಚಡಪಡಿಸಿತು. ಆ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು, ತನ್ನ ಚಾದರವನ್ನು ಮಡಿಕೆಯನ್ನೂ ಬಿಚ್ಚದೆ ಕಾಲಬುಡದಲ್ಲಿಟ್ಟು, ಬರಿಯ ರೆಕ್ಸಿನ್ನಿನ ಮೇಲೆ ಮಲಗಿಬಿಟ್ಟಳು. ಹಾಸುವುದಿಲ್ಲ ಅಂದರೆ ಹಾಸುವುದಿಲ್ಲ.

"ಆಂಟಿ, ಚಾದರ ಹಾಕ್ಕೊಳ್ಳಿ, ಬೆವರುತ್ತೆ" ಎಂದಳು ಸೈಕಲ್ಲು.

"ಬೆವರಲಿ."

ಬೆವರಿತು ಕೂಡ. ಮಗ್ಗುಲು ಬದಲಾಯಿಸಿದಾಗಲೆಲ್ಲ ರೆಕ್ಸಿನ್ನು ಬೆನ್ನಿನಿಂದ ಪರ್ರೆಂದು ಬಿಡುತ್ತಿತ್ತು, ಹುಡುಗಿಯರು ನಗು ತಡೆಯಲು ದಿಂಬು ಕಚ್ಚುತ್ತಿದ್ದರು. ಬೆಳಿಗ್ಗೆ ಬಚ್ಚಲಿನ ಮುಂದೆ ಸಾಲು, ಒಳಗೆ ಹೋದವರಿಗೆ ಹೊರಗೆ ಬರುವ ನೆನಪೇ ಇಲ್ಲ. ಯಾರೋ ಅವಳ ಸೋಪು ಬಳಸಿ ಅದಕ್ಕೆ ಕೂದಲು ಅಂಟಿಸಿಟ್ಟಿದ್ದರು. ಮ್ಯಾನೇಜರು ಮೆಟ್ಟಿಲಲ್ಲಿ ಸಿಕ್ಕಿ, "ನಿದ್ದೆ ಬಂತಾ ಅಮ್ಮಾ?" ಎಂದು ಕೇಳಿದ. ಅವಳು ಅವನ ಕಡೆ ನೋಡಿದ ನೋಟಕ್ಕೆ ಆ ನಗು ಅರ್ಧಕ್ಕೇ ನಿಂತುಹೋಯಿತು.

ಆ ದಿನ ಮಧ್ಯಾಹ್ನ ಎಡವಟ್ಟಾಯಿತು. ಸೈಕಲ್ಲು ಬಿಸಿಲಲ್ಲಿ ಸುತ್ತಿ ಬಂದು, ನೀರಿನ ಬಾಟಲಿ ಹಿಡಿದುಕೊಂಡೇ ಎದುರಿನ ಮಂಚದಲ್ಲಿ ಬಿದ್ದು ನಿದ್ದೆಹೋದಳು. ಬಾಟಲಿ ಉರುಳಿತು, ಚಾದರವೆಲ್ಲ ತೊಯ್ದುಹೋಯಿತು. ವಾರ್ಡಮ್ಮ ಆಗ ಅರೆನಿದ್ದೆಯಲ್ಲಿದ್ದಳು. ಅರೆಗಣ್ಣಿಗೆ ಕಂಡದ್ದು ಕಬ್ಬಿಣದ ಮಂಚ, ಒದ್ದೆ ಚಾದರ, ಅಲುಗಾಡದೆ ಮಲಗಿದ ಒಂದು ಹೆಣ್ಣುಜೀವ. ಮುಂದಿನದ್ದನ್ನು ಅವಳ ತಲೆ ಮಾಡಲಿಲ್ಲ, ಕೈ ಮಾಡಿತು. ಎದ್ದಳು, ಕಾಲಬುಡದ ಚಾದರ ಎತ್ತಿಕೊಂಡಳು, ಹುಡುಗಿಯ ಭುಜಕ್ಕೊಂದು ಸೊಂಟಕ್ಕೊಂದು ಅಂಗೈ ಕೊಟ್ಟು ಗೋಡೆಯ ಕಡೆ ಹೊರಳಿಸಿದಳು. ಸೈಕಲ್ಲು ನಿದ್ದೆಯಲ್ಲೇ "ಬಿಡಮ್ಮಾ" ಎಂದು ಗೊಣಗಿದಳು. ಒದ್ದೆಯದು ಸುತ್ತಿ ಹೊರಬಂತು, ಒಣಗಿದ್ದು ಒಳಗೆ ಹೋಯಿತು. ನಾಲ್ಕನೆಯ ಮೂಲೆಯನ್ನು ಓರೆಯಾಗಿ ಮಡಿಸಿ ಹಾಸಿಗೆಯಡಿಗೆ ಸಿಕ್ಕಿಸುವಾಗಷ್ಟೇ ವಾರ್ಡಮ್ಮನಿಗೆ ಪೂರ್ತಿ ಎಚ್ಚರವಾಯಿತು. ಹಿಂದೆ ಇಂಟರ್‌ವ್ಯೂ ಬಾಯಿ ತೆರೆದುಕೊಂಡು ನಿಂತಿದ್ದಳು.

"ಆಂಟಿ! ಅವಳು ಏಳ್ಲೇ ಇಲ್ಲ! ಇನ್ನೊಂದ್ಸಲ ಮಾಡಿ, ವಿಡಿಯೋ ತಗೋತೀನಿ!"

ವಾರ್ಡಮ್ಮ ಹಣೆ ಹಣೆ ಚಚ್ಚಿಕೊಂಡಳು. ಅವಳ ಪಾಲಿನ ಚಾದರವೂ ಹೋಯಿತು, ಅವಳ ಹಠವೂ ಹೋಯಿತು. ಮೇಲಾಗಿ ಸುದ್ದಿ ಕೆಳಗಿನ ಕೌಂಟರಿಗೆ ತಲುಪಿ, ಮ್ಯಾನೇಜರು ಹೊಟ್ಟೆ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದ. ಬಂದವನೇ ಮೂಲೆಯ ಮಡಿಕೆ ಮುಟ್ಟಿ ನೋಡಿದ.

"ಅಮ್ಮಾ, ಒಂದು ಮಾತು. ಬೇಜಾರು ಮಾಡ್ಕೋಬೇಡಿ. ನೀವು ಎಷ್ಟು ದಿನ ಬೇಕಾದ್ರೂ ಇರಿ, ಬಾಡಿಗೆ ಬೇಡ. ಬೆಳಿಗ್ಗೆ ಹೊತ್ತು ಒಂದಿಷ್ಟು ಹಾಸಿಗೆ..."

"ಮುಚ್ಚಪ್ಪಾ ಬಾಯಿ!" ವಾರ್ಡಮ್ಮನ ಕೂಗಿಗೆ ಸೈಕಲ್ಲು ಈಗ ಎದ್ದು ಕೂತಳು. "ನಾನೇನು ನಿನ್ನ ಹತ್ರ ಕೆಲಸ ಕೇಳ್ಕೊಂಡು ಬಂದಿದೀನಾ? ಹಾಸಿ ಹಾಸಿ ನನ್ನ ಕೈ ಸವೆದು ಹೋಗಿದೆ. ಯಾರಾದ್ರೂ ಒಂದ್ಸಲ ನನಗೆ ಹಾಸಿ ಕೊಡ್ಲಿ ಅಂತ ಬಂದೆ. ಅಷ್ಟೇನೇ ನನಗೆ ಬೇಕಾಗಿರೋದು! ಅಷ್ಟಕ್ಕೂ ಗತಿ ಇಲ್ವಾ ಈ ಪ್ರಪಂಚದಲ್ಲಿ?"

ಮ್ಯಾನೇಜರು ಬಂದಷ್ಟೇ ಅವಸರದಲ್ಲಿ ಇಳಿದುಹೋದ. ಇಂಥ ಹೊತ್ತಿಗೇ ತಮ್ಮನ ಹೆಂಡತಿಯ ಫೋನು ಬರಬೇಕೇ?

"ಅಕ್ಕಾ, ಯಾವಾಗ ಬರ್ತೀರಿ? ನೀವು ಹೋದಾಗಿಂದ ಯಾರ ಹಾಸಿಗೇನೂ ಕೊಡವಿ ಹಾಸೇ ಇಲ್ಲ. ನೀವು ಬರ್ಲಿ ಅಂತ ಕಾಯ್ತಿದೀವಿ."

ಹೇಗಿದ್ದೀರಿ ಎಂದು ಕೇಳಲಿಲ್ಲ, ಊಟವಾಯಿತೇ ಎಂದೂ ಕೇಳಲಿಲ್ಲ. ವಾರ್ಡಮ್ಮ ಫೋನನ್ನು ದಿಂಬಿನ ಕೆಳಗೆ ತುರುಕಿ, ರೆಕ್ಸಿನ್ನಿನ ಮೇಲೆ ಗೋಡೆಯ ಕಡೆ ತಿರುಗಿ ಮಲಗಿಕೊಂಡಳು. ಅತ್ತರೆ ಹುಡುಗಿಯರಿಗೆ ಗೊತ್ತಾಗುತ್ತದೆಂದು ಅಳಲೂ ಇಲ್ಲ.

ಹಿಂದೆ ಪಿಸಿಪಿಸಿ ಮಾತಾಯಿತು. ಒಬ್ಬಳು ಹೊರಗೆ ಹೋಗಿ ಬಂದ ಸದ್ದು. ಆಮೇಲೆ ಸೈಕಲ್ಲು ಅವಳ ತಲೆಯ ಹತ್ತಿರ ಬಂದು ನಿಂತಳು.

"ಆಂಟಿ, ಕೌಂಟರಿಂದ ಹೊಸ ಚಾದರ ತಂದಿದೀವಿ. ನೀವು ಏಳ್ಬೇಡಿ. ನೀವು ನನಗೆ ಮಾಡಿದ್ರಲ್ಲ, ಹಾಗೇ ನಾವು ಮಾಡ್ತೀವಿ."

ಬೇಡ ಎನ್ನುವಷ್ಟರಲ್ಲಿ ಬೆನ್ನ ಮೇಲೆ ಅಂಗೈ ಬಿತ್ತು. ಸೊಂಟದ ಮೇಲೆ ಇನ್ನೊಂದು. ಇಂಟರ್‌ವ್ಯೂ ಕಾಲಬುಡದಿಂದ ಸೆರಗಿನ ಸಮೇತ ಎಳೆದಳು. "ಮೊದಲು ಉದ್ದಕ್ಕೆ ಸುತ್ತಬೇಕು ಕಣ್ರೇ, ಹಾಗಲ್ಲ!" ಎಂದು ವಾರ್ಡಮ್ಮ ಗದರಿದಳು. "ನೀವು ಸುಮ್ನಿರಿ ಆಂಟಿ" ಎಂದರು ಇಬ್ಬರೂ. ಸುಮ್ಮನಾದಳು. ಮೂಗು ಗೋಡೆಗೆ ತಾಗುತ್ತಿತ್ತು. ಹಿಂದೆ ಏನು ನಡೆಯುತ್ತಿದೆ ಎಂದು ಕಾಣುತ್ತಿರಲಿಲ್ಲ, ಯಾವಾಗ ಎತ್ತ ಹೊರಳಿಸುತ್ತಾರೆಂದು ತಿಳಿಯುತ್ತಿರಲಿಲ್ಲ.

"ಹಿಡ್ಕೊಳೇ, ಭಾರ ಇದೆ."

"ಹಿಡ್ಕೊಂಡಿದೀನಿ. ಸಂಜೆ ಊಟಕ್ಕೆ ಎಲ್ಲಿ ಹೋಗೋಣ?"

"ಮೂಲೆ ಅಂಗಡಿ ಬೇಡಪ್ಪಾ, ನಿನ್ನೆ ಹೊಟ್ಟೆ ಕೆಟ್ಟಿತ್ತು. ಸ್ವಲ್ಪ ಆ ಕಡೆ ತಳ್ಳು."

ಅವಳ ಮೈಯ ಮೇಲಿಂದ ತಲೆಯ ಕಡೆಯ ಮಾತು ಕಾಲ ಕಡೆಗೆ, ಕಾಲ ಕಡೆಯ ಮಾತು ತಲೆಯ ಕಡೆಗೆ. ವಾರ್ಡಮ್ಮನಿಗೆ ತನ್ನ ವಾರ್ಡು ನೆನಪಾಯಿತು. ಇನ್ನೊಬ್ಬ ಆಯಾ ಜೊತೆಗಿದ್ದಾಗ ತಾನೂ ಹೀಗೆಯೇ, ಸಂಬಳದ ಸುದ್ದಿ, ತರಕಾರಿಯ ಸುದ್ದಿ, ಎಷ್ಟೊಂದು ಹೆಂಗಸರ ಬೆನ್ನಿನ ಮೇಲಿಂದ ಆಡಿದ್ದಳು! ಗೋಡೆಯ ಕಡೆ ಮುಖ ಮಾಡಿದ ಅವರಿಗೆಲ್ಲ ಹೀಗೆಯೇ ಆಗಿರಬೇಕು.

"ಏಯ್, ನಾನಿಲ್ಲೇ ಇದೀನಿ ಕಣ್ರೇ" ಎಂದಳು. ದನಿ ಸಿಟ್ಟಿನದಾಗಿರಬೇಕಿತ್ತು, ಆಗಲಿಲ್ಲ. "ನನ್ನನ್ನೂ ಒಂದು ಮಾತಾಡ್ಸ್ರೇ."

ಇಬ್ಬರ ಕೈಯೂ ನಿಂತಿತು. "ಏನ್ ಮಾತಾಡೋಣ ಆಂಟಿ?"

"ಏನಾದ್ರೂ. ಹೇಗಿದ್ದೀರಿ ಅಂತ ಕೇಳಿ."

ಇಂಟರ್‌ವ್ಯೂ ಬಗ್ಗಿ ಅವಳ ಮುಖ ನೋಡಿದಳು. ಕನ್ನಡಿಯ ಮುಂದಿನ ನಗು ಇರಲಿಲ್ಲ. "ಹೇಗಿದ್ದೀರಿ ಆಂಟಿ?"

ನನಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ ಎಂಬ ಉತ್ತರ ವಾರ್ಡಮ್ಮನ ನಾಲಿಗೆಯ ತುದಿಯಲ್ಲೇ ಇತ್ತು. ಡಾಕ್ಟರಿಗೂ ತಮ್ಮನಿಗೂ ಯಾವಾಗಲೂ ಕೊಟ್ಟದ್ದು ಅದನ್ನೇ.

"ಸಾಕಾಗಿದೆ ಕಣೇ" ಎಂದಳು. "ತುಂಬಾ ಸಾಕಾಗಿದೆ."

ಸೈಕಲ್ಲು ಬೆನ್ನ ಮೇಲಿನ ಅಂಗೈ ತೆಗೆಯಲಿಲ್ಲ. ಹೊಸ ಚಾದರ ಅರ್ಧ ಹರಡಿತ್ತು, ಉಳಿದರ್ಧ ಅವಳ ಬೆನ್ನ ಹಿಂದೆ ಸುರುಳಿಯಾಗಿತ್ತು. ಮೂಲೆ ಎಳೆಯಲು ಹೋದ ಇಂಟರ್‌ವ್ಯೂಳ ಕೈಯನ್ನು ವಾರ್ಡಮ್ಮ ಹಿಡಿದುಕೊಂಡಳು.

"ಅದು ಆಮೇಲೆ ಆಗ್ಲಿ ಬಿಡು" ಎಂದಳು. "ಸ್ವಲ್ಪ ಹೊತ್ತು ಹೀಗೇ ಇರ್ರೇ."