ಎರಡನೇ ಟ್ಯೂಬಿನ ಇಂದ್ರಾಣಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಹುಲ್ಲಹಳ್ಳಿ ಕಡೆಯ ಪುಟ್ಟ ವಿದ್ಯುತ್ ಸ್ಥಾವರದ ಹಿಂಬದಿಯಲ್ಲಿ, ನೀರು ಹೊರಗೆ ಬೀಳುವ ಗೇಟಿನ ಪಕ್ಕ, ಸೀರೆಯ ಮೇಲೆ ಖಾಕಿ ಕೋಟು ತೊಟ್ಟ ಹೆಂಗಸೊಬ್ಬರು ಕುಕ್ಕರಗಾಲಿನಲ್ಲಿ ಕೂತಿದ್ದಾರೆ. ಬೆರಳುದ್ದದ ಗಾಜಿನ ಟ್ಯೂಬಿಗೆ ತೊಟ್ಟಿಯ ನೀರು ತುಂಬಿ, ಚಿಟಿಕೆ ಪುಡಿ ಹಾಕಿ, ಕುಲುಕಿ, ಬೆಳಕಿಗೆ ಹಿಡಿಯುತ್ತಾರೆ. ನೀರು ತೀರಾ ತೆಳುವಾದ ಗುಲಾಬಿ ಬಣ್ಣಕ್ಕೆ ತಿರುಗಿದೆ. ಹಿಂದೆ ಬಿಳಿ ಕಾಗದ ಹಿಡಿದು ತೋರಿಸುವ ತನಕ ನನ್ನ ಕನ್ನಡಕದ ಕಣ್ಣಿಗೆ ಅದು ಬೀಳುವುದೇ ಇಲ್ಲ. ಇನ್ನೇನು ಗೇಟು ತೆರೆಯುತ್ತಾರೆಂದು ನಾನು ಎದ್ದರೆ, ಅವರು ಮತ್ತೊಂದು ಟ್ಯೂಬು ಕೈಗೆತ್ತಿಕೊಳ್ಳುತ್ತಾರೆ.

“ತಾಳಿ ಸಾ, ಇನ್ನೊಂದ್ ಅದೆ.”

ಇವರು ಇಂದ್ರಾಣಿ. ವಯಸ್ಸು ನಲವತ್ತಾರು. ಭತ್ತದ ಹೊಟ್ಟು ಉರಿಸಿ ಕರೆಂಟು ಮಾಡುವ ಈ ಸ್ಥಾವರದಲ್ಲಿ ಯಂತ್ರ ತಣಿಸಿದ ನೀರು, ಕ್ಯಾಂಟೀನಿನ ನೀರು, ಶೌಚಾಲಯದ ನೀರು ಎಲ್ಲ ಸೇರಿ ದಿನಕ್ಕೆ ಎರಡು ಲಕ್ಷ ಲೀಟರ್. ಅದನ್ನು ಶುದ್ಧ ಮಾಡಿ, ರೋಗಾಣು ಸಾಯಲೆಂದು ಕ್ಲೋರಿನ್ ಬೆರೆಸುತ್ತಾರೆ. ಆ ಕ್ಲೋರಿನ್ ನೀರಿನಲ್ಲೇ ಉಳಿದರೆ ಮೀನಿಗೆ ವಿಷ. ಹಾಗಾಗಿ ಅದನ್ನು ಮುರಿಯುವ ಇನ್ನೊಂದು ದ್ರಾವಣ ಬಿಟ್ಟು, ಲೀಟರಿಗೆ ಅರ್ಧ ಮಿಲಿಗ್ರಾಂಗಿಂತ ಕೆಳಗಿಳಿದ ಮೇಲೆಯೇ ದಿನಕ್ಕೊಮ್ಮೆ ಗೇಟು ತೆರೆಯಬೇಕು. ಕ್ಲೋರಿನ್ ಹೆಚ್ಚಿದಷ್ಟೂ ಟ್ಯೂಬಿನ ಗುಲಾಬಿ ಗಾಢ. ಇಂದ್ರಾಣಿ ಕಾಲು ಮಿಲಿಗ್ರಾಂ ದಾಟಲೂ ಬಿಡುವವರಲ್ಲ. ಏಕೆಂದರೆ ಗೇಟಿನಾಚೆಯ ಕಾಲುವೆ ಹರಿಯುವುದು ಅವರ ಊರಿನ ಪಕ್ಕದಲ್ಲೇ.

ಹನ್ನೊಂದು ವರ್ಷದ ಹಿಂದೆ ಲ್ಯಾಬಿನ ಗಾಜು ತೊಳೆಯಲು ಸೇರಿದವರು ಇವರು. ಕೆಮಿಸ್ಟ್ ಮದನ್ ಪರೀಕ್ಷೆ ಮಾಡುವಾಗ ಪಕ್ಕದಲ್ಲೇ ನಿಂತು ನೋಡಿ ನೋಡಿ ಕಲಿತರು. ಹತ್ತನೇ ಕ್ಲಾಸಿನಲ್ಲಿ ಫೇಲಾದದ್ದು ವಿಜ್ಞಾನದಲ್ಲೇ ಎಂದು ನಗುತ್ತಾರೆ. ಕ್ಲೋರಿನ್ ಘಾಟಿಗೆ ಚಳಿಗಾಲವಿಡೀ ಕೆಮ್ಮು ಬಿಡುವುದಿಲ್ಲ, ಬೆರಳ ಸಂದು ಬಿರಿದಿರುತ್ತದೆ. ನಂಜನಗೂಡಿನಲ್ಲಿ ಗೂಡ್ಸ್ ಆಟೋ ಓಡಿಸುವ ಗಂಡ ಶಿವಮೂರ್ತಿ ಬೇರೆ ಕೆಲಸ ನೋಡಿಕೋ ಎಂದು ವರ್ಷಕ್ಕೊಮ್ಮೆಯಾದರೂ ಹೇಳುತ್ತಾರಂತೆ. ಇವರು ಹೂಂ ಎಂದು ಮತ್ತೆ ಕೆಲಸಕ್ಕೆ ಹೊರಡುತ್ತಾರೆ.

ಎರಡನೇ ಟ್ಯೂಬಿನ ಕಥೆ ನಾಲ್ಕು ವರ್ಷ ಹಳೆಯದು. ನಾನು ಕೇಳಿರಲಿಲ್ಲ, ಅವರಾಗಿಯೇ ಹೇಳಿದರು. ಅವತ್ತು ಕ್ಲೋರಿನ್ ಪಂಪು ಕೆಟ್ಟು ಒಂದೇ ಸಮನೆ ಸುರಿಯುತ್ತಿತ್ತು, ಯಾರಿಗೂ ಗೊತ್ತಿರಲಿಲ್ಲ. ಟ್ಯೂಬಿನಲ್ಲಿ ಗುಲಾಬಿ ಒಂದು ಕ್ಷಣ ಬಂದಂತಾಗಿ ಮಾಯವಾಯಿತು.

“ಬಣ್ಣ ನಿಲ್ನಿಲ್ಲ. ಕ್ಲೋರಿನ್ನೇ ಇಲ್ಲ ಅಂದ್ಕಂಡು ಸೊನ್ನೆ ಬರ್ದು ಗೇಟ್ ಬುಟ್ಬುಟ್ಟೆ ಸಾ. ಒಂಬತ್ ಗಂಟೆಗೆ ಮೀನೆಲ್ಲ ಒಟ್ಟೆ ಮೇಲ್ ಮಾಡ್ಕಂಡು ತೇಲ್ತಿದ್ವು.”

ಕ್ಲೋರಿನ್ ವಿಪರೀತವಾದರೆ ಬಂದ ಬಣ್ಣವನ್ನೇ ತಿಂದುಹಾಕುತ್ತದೆ ಎಂದು ಆಮೇಲೆ ಮದನ್ ವಿವರಿಸಿದರು. ತಪ್ಪು ಪಂಪಿನದು, ಹಾಗೆಂದೇ ರಿಜಿಸ್ಟರಿನಲ್ಲಿ ಬರೆಯೋಣ ಎಂದೂ ಹೇಳಿದರು. ಇಂದ್ರಾಣಿ ಒಪ್ಪಲಿಲ್ಲ.

“ಪಂಪ್ ಕೆಟ್ಟಿದ್ದು ದಿಟ. ಗೇಟ್ ತಿರುಗ್ಸಿದ್ದು ನನ್ ಕೈಯಲ್ವಾ?”

ಕೆಲಸ ಹೇಗೋ ಉಳಿಯಿತು. ಉಳಿಯದೆ ಹೋದದ್ದು ಊರಿನ ನಂಬಿಕೆ. ಅಂದು ಸಂಜೆ ಅತ್ತೆ ಸಾಕಮ್ಮನ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿಕೊಂಡರು. ಸಾಕಮ್ಮ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮಾರನೆಯ ದಿನ ಎಮ್ಮೆಯನ್ನು ಕಾಲುವೆಗೆ ಇಳಿಸದೆ ಬಸ್ ಸ್ಟಾಪಿನ ಬೋರ್‌ವೆಲ್ಲಿಗೆ ಹೊಡೆದುಕೊಂಡು ಹೋದರು. ಊರಿನ ದನಕರುಗಳೆಲ್ಲ ಅದರ ಹಿಂದೆಯೇ ಹೋದವು. ಎರಡು ಬೈಗುಳ ಬೈದಿದ್ದರೆ ಹಗುರವಾಗುತ್ತಿತ್ತು ಎನ್ನುವಾಗ ಇಂದ್ರಾಣಿಯ ದನಿ ಇಳಿಯುತ್ತದೆ.

ಅಂದಿನಿಂದ ಎರಡು ಟ್ಯೂಬು. ಎರಡನೆಯದರಲ್ಲಿ ತೊಟ್ಟಿಯ ನೀರು ಒಂದು ಪಾಲು, ಶುದ್ಧ ನೀರು ಒಂಬತ್ತು ಪಾಲು. ಕ್ಲೋರಿನ್ ಅತಿಯಾಗಿ ಮೊದಲನೆಯದು ಮೋಸ ಮಾಡಿದ್ದರೆ, ಇದರಲ್ಲಿ ಅದು ಬಣ್ಣ ತಿನ್ನಲಾರದಷ್ಟು ತೆಳುವಾಗಿ, ಟ್ಯೂಬು ಕೆಂಪಾಗಿ ಗುಟ್ಟು ಬಿಟ್ಟುಕೊಡುತ್ತದೆ. ಈಗ ಗೋಡೆಯ ಮೇಲೆ ಅಂಕಿ ತೋರಿಸುವ ಹೊಸ ಮೀಟರು ಬಂದಿದೆ. ಇಂದ್ರಾಣಿ ಅದನ್ನೂ ನೋಡುತ್ತಾರೆ, ನೋಡಿ ಮತ್ತೆ ಕುಕ್ಕರಗಾಲಿನಲ್ಲಿ ಕೂರುತ್ತಾರೆ.

ಇವತ್ತಿನ ಎರಡನೇ ಟ್ಯೂಬಿನಲ್ಲಿ ಬಣ್ಣವೇ ಇಲ್ಲ. ಗೇಟು ತಿರುಗಿಸಿ, ಸಹಿ ಹಾಕಿ, ರಾತ್ರಿ ಪಾಳಿ ಮುಗಿಸಿ ಕೋಟು ಕಳಚಿಟ್ಟು ಹೊರಡುತ್ತಾರೆ. ಕಂಪನಿಯ ಬಸ್ಸಿದ್ದರೂ ಹತ್ತುವುದಿಲ್ಲ. ತಾವೇ ಬಿಟ್ಟ ನೀರಿನ ಜೊತೆ ಕಾಲುವೆಯ ಏರಿ ಹಿಡಿದು ನಡೆಯುತ್ತಾರೆ. ಒಂದು ಕಡೆ ನಿಂತು ಬಗ್ಗಿ ನೋಡುತ್ತಾರೆ. ಉಗುರಿನಷ್ಟು ಮೀನುಗಳು ಎದುರು ಈಜುತ್ತಿವೆ.

ನಿಮಗೇನಾದರೂ ಆಸೆ ಇದೆಯೇ ಎಂದು ಪತ್ರಕರ್ತರ ಮಾಮೂಲಿ ಪ್ರಶ್ನೆ ಕೇಳುತ್ತೇನೆ. ಅವರು ಮುಂದೆ ಕೈ ತೋರಿಸುತ್ತಾರೆ. ಊರಿನ ಮಗ್ಗುಲಲ್ಲಿ ಏಳೆಂಟು ದನ ಎಮ್ಮೆಗಳು ಏರಿಯ ಮೇಲೆ ನಿಂತಿವೆ, ನೀರಿಗಿಳಿದಿಲ್ಲ. ಎಲ್ಲಕ್ಕಿಂತ ಮುಂದೆ ಎಮ್ಮೆಯ ಹಗ್ಗವನ್ನು ಗಿಡ್ಡಗೆ ಸುತ್ತಿ ಹಿಡಿದ ಸಾಕಮ್ಮ. ಎರಡು ವರ್ಷದಿಂದ ಹೀಗೇ. ಕಾಲುವೆಗೆ ವಾಪಸು ಬಂದಿದ್ದಾರೆ, ಆದರೆ ಇಂದ್ರಾಣಿ ಬಂದು ಹೇಳುವ ತನಕ ಯಾರೂ ಇಳಿಸುವುದಿಲ್ಲ.

“ಒಂದಿನ ನನ್ ಕೇಳ್ದೆ ಇಳುಸ್ಬುಟ್ಟಿರ್ಬೇಕು ಸಾ. ಅಷ್ಟೇಯ.”

ಅವತ್ತು ಇವತ್ತಲ್ಲ. ಸಾಕಮ್ಮ ಸೊಸೆಯ ಮುಖ ನೋಡುತ್ತಾರೆ.

“ಎರಡ್ನೇದೂ ನೋಡ್ದಾ ಮಗ?”

“ನೋಡ್ದೆ ಕಣತ್ತೆ.”

ಸಾಕಮ್ಮ ಹಗ್ಗ ಸಡಿಲಿಸುತ್ತಾರೆ. ಎಮ್ಮೆ ನೀರಿಗಿಳಿಯುತ್ತದೆ.