ಅರ್ಲೀನ್ ಹಾಕಿದ ಚಿಲಕ

ಅರ್ಲೀನ್ ಸಿಪೋಲ ಪುಕ್ಕಲು ಹೆಂಗಸಲ್ಲ. ಹೆಪ್ಪುಗಟ್ಟಿದ ಸರೋವರದ ಮೇಲೆ ಪಿಕಪ್ ಓಡಿಸಿಕೊಂಡು ಹೋಗಿ, ಐಸು ಕೊರೆದು, ಒಬ್ಬಳೇ ಕೂತು ಮೀನು ಹಿಡಿದು ಬರುವ ಗಟ್ಟಿಗಿತ್ತಿ. ಗಂಡ ತೀರಿಕೊಂಡ ವರ್ಷ ಹಿತ್ತಿಲಿಗೆ ನುಗ್ಗಿದ ಕರಡಿಯನ್ನು ಬಾಣಲೆ ಬಡಿದೇ ಓಡಿಸಿದಳು. ಅಂಥವಳು ಯಾರಾದರೂ ಬಾಗಿಲು ತಟ್ಟಿದರೆ ಬೆವರುತ್ತಾಳೆ ಅಂದರೆ ನಮ್ಮೂರು ಡುಲೂತ್‌ನಲ್ಲಿ ಯಾರೂ ನಂಬುವುದಿಲ್ಲ. ನಾನು ನಂಬುತ್ತೇನೆ. ಒಂದೇ ಮ್ಯೂಸಿಯಮ್ಮಿನಲ್ಲಿ ಎಂಟು ವರ್ಷ ಒಟ್ಟಿಗೆ ಕೆಲಸ ಮಾಡಿದವರು ನಾವು. ಅವಳು ಮಹಡಿಯ ಕಾವಲಿಗೆ, ನಾನು ಕೆಳಗೆ ಜನರ ಕೋಟು ಇಸಿದುಕೊಂಡು ಚೀಟಿ ಕೊಡುವುದಕ್ಕೆ.

ಅದಕ್ಕೂ ಮುಂಚೆ ಅವಳು ಶಾಲೆಯೊಂದರಲ್ಲಿ ಊಟ ಬಡಿಸುತ್ತಿದ್ದಳು. ಯಾವ ಮಗುವಿಗೆ ಬಟಾಣಿ ಕಂಡರಾಗದು, ಮಾಂಸ, ಆಲೂಗಡ್ಡೆ ಹಾಕಿ ಬೇಯಿಸಿದ ಹಾಟ್‌ಡಿಶ್‌ಗೆ ಯಾರು ಎರಡನೇ ಸಲ ಬರುತ್ತಾರೆ, ಎಲ್ಲ ಬಾಯಿಪಾಠ. ಅಲ್ಲಿ ಆಗಾಗ ಅಡಗುವ ಅಭ್ಯಾಸ ಮಾಡಿಸುತ್ತಿದ್ದರು, ಬಂದೂಕಿನವನು ಬಂದರೆ ಹೇಗೆ ಎಂದು. ಮೈಕಿನಲ್ಲಿ ‘ಲಾಕ್‌ಡೌನ್’ ಅಂದ ಕೂಡಲೇ ಚಿಲಕ ಹಾಕಬೇಕು, ದೀಪ ಆರಿಸಬೇಕು, ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರಬೇಕು. ಯಾರೇ ತಟ್ಟಲಿ, ಏನೇ ಹೇಳಲಿ, ತೆಗೆಯಕೂಡದು. ಪೊಲೀಸರೇ ಬಂದು ತೆಗೆಸುತ್ತಾರೆ.

ಒಂದು ಗುರುವಾರ ಅಭ್ಯಾಸವೆಂದು ಯಾರಿಗೂ ತಿಳಿಸದೆಯೇ ಮೈಕು ಕೂಗಿತು. ಅರ್ಲೀನ್ ಕೈಗೆ ಸಿಕ್ಕ ಹದಿನಾಲ್ಕು ಮಕ್ಕಳನ್ನು ಅಡಿಗೆಮನೆಗೆ ಎಳೆದುಕೊಂಡು ಚಿಲಕ ಹಾಕಿದಳು. ಆಮೇಲೆ ಬಾಗಿಲು ತಟ್ಟಿದ ಸದ್ದು.

“ಮಿಸ್ ಅರ್ಲೀನ್, ನಾನು ಟೆಸ್. ಬಾತ್‌ರೂಮಿಗೆ ಹೋಗಿದ್ದೆ. ತೆಗೀರಿ.”

ಎರಡನೇ ಕ್ಲಾಸಿನ ಹುಡುಗಿ. ಅರ್ಲೀನ್ ತೆಗೆಯಲಿಲ್ಲ. ಆ ಮಗು ಹನ್ನೊಂದು ನಿಮಿಷ ತಟ್ಟಿತು, ಕೊನೆಕೊನೆಗೆ ಬರೀ ಅಂಗೈಯಲ್ಲಿ. ಎಲ್ಲ ಮುಗಿದ ಮೇಲೆ ಪ್ರಿನ್ಸಿಪಾಲರು ಅರ್ಲೀನಳಿಗೆ ಶಹಬ್ಬಾಸ್ ಅಂದರು. ಟೆಸ್ ಮಾತ್ರ ಮರುದಿನದಿಂದ ಅವಳು ಬಡಿಸಿದ್ದನ್ನು ಮುಟ್ಟಲಿಲ್ಲ, ಮನೆಯಿಂದ ಬ್ರೆಡ್ಡು ತರತೊಡಗಿದಳು. ಆ ವರ್ಷವೇ ಅರ್ಲೀನ್ ಶಾಲೆ ಬಿಟ್ಟಳು.

ಮ್ಯೂಸಿಯಮ್ಮಿನಲ್ಲಿ ಹಾಯಾಗಿದ್ದಳು. ಹಡಗಿನ ಚಿತ್ರ, ಹಿಮದ ಚಿತ್ರ, ಪಾಪ, ಅವು ಯಾರನ್ನೂ ಕರೆಯುವುದಿಲ್ಲ. ಈ ಫೆಬ್ರವರಿಯಲ್ಲಿ ದೊಡ್ಡೂರಿನಿಂದ ಒಬ್ಬ ಕಲಾವಿದೆ ಬಂದಳು. ಈ ಕಾಲದ ಭಯವನ್ನು ತೋರಿಸುತ್ತೇನೆಂದು ಮಹಡಿಯಲ್ಲಿ ಒಂದು ತರಗತಿಯನ್ನೇ ಕಟ್ಟಿಸಿದಳು. ಹತ್ತು ಹನ್ನೆರಡು ಜನ ಒಳಗೆ ಹೋಗಬೇಕು. ಜೊತೆಗೇ ಒಳಗಿರುವ ಕಾವಲಿನವಳು ಚಿಲಕ ಹಾಕಬೇಕು. ಆರು ನಿಮಿಷ ಕತ್ತಲೆ. ಮೂರನೆಯ ನಿಮಿಷಕ್ಕೊಮ್ಮೆ, ಐದನೆಯದಕ್ಕೊಮ್ಮೆ, ಬಾಗಿಲೊಳಗೆ ಕೂರಿಸಿದ ಯಂತ್ರ ಮೂರು ಸಲ ತಟ್ಟುತ್ತದೆ. ಇಷ್ಟೇ ಕಲೆ. ನಮ್ಮ ಕಾಲದಲ್ಲಿ ಕಲೆ ಅಂದರೆ ಮೊಳೆಗೆ ನೇತುಹಾಕುವಂಥದ್ದಾಗಿತ್ತು, ಬಿಡಿ.

ಕಾವಲು ಅರ್ಲೀನಳಿಗೇ ಬಿತ್ತು. ಬೇರೆಡೆ ಹಾಕಿ ಎಂದು ಮೇಲ್ವಿಚಾರಕ ಕೀತ್‌ನನ್ನು ಕೇಳಿಕೊಂಡಳು.

“ನೀನು ಸ್ಕೂಲಲ್ಲಿದ್ದವಳು, ಇದೆಲ್ಲ ನಿನಗೆ ಹೊಸದಾ?” ಅಂದ ಅವನು. “ಬೆಂಕಿ ಬಿದ್ದರೆ ಮಾತ್ರ ಬಾಗಿಲು ತೆಗಿ. ಸುಮ್ಮನೆ ಮಧ್ಯೆ ತೆಗೆದೆಯೋ, ಮಾರನೇ ದಿನದಿಂದ ಬರಬೇಡ.”

ಪ್ರದರ್ಶನ ಶುರುವಾದ ದಿನ ಊಟದ ಹೊತ್ತಿಗೆ ನನ್ನ ಪಕ್ಕ ಬಂದು ಕೂತವಳು ಬುತ್ತಿ ಬಿಚ್ಚದೆ ಪಕ್ಕಕ್ಕೆ ಸರಿಸಿದಳು.

“ಯಂತ್ರ ಕಣೇ ಅದು,” ಅಂದೆ.

“ನನ್ನ ತಲೆಗೆ ಗೊತ್ತು ವರ್ನ್, ಕೈಗೆ ಗೊತ್ತಾಗಲ್ಲ. ಚಿಲಕದ ಹತ್ರ ತಾನೇ ಹೋಗುತ್ತೆ. ಆ ಕೈ ಮೇಲೇ ಕೂತ್ಕೋತೀನಿ.”

“ಒಂದು ಸಲ ತೆಗೆದುಬಿಡು, ಪೀಡೆ ತೊಲಗಲಿ.”

“ತೆಗೆದ್ರೆ ಹೊರಗೆ ಯಾರೂ ಇರಲ್ವಲ್ಲೋ. ಅದೇ ನಂಗೆ ಭಯ.”

ಆ ಮಾತು ನನ್ನನ್ನು ಕೊರೆಯಿತು. ಅರವತ್ತಕ್ಕೆ ಅರಳುಮರಳು ಅನ್ನುತ್ತಾರೆ, ನನಗೆ ಎಪ್ಪತ್ತೊಂದು.

ಮುಂದಿನ ವಾರ ಒಂದು ಶಾಲೆಯ ಏಳನೇ ಕ್ಲಾಸಿನ ಹತ್ತು ಮಕ್ಕಳು ಟೀಚರ ಜೊತೆ ಬಂದರು. ಎಲ್ಲರೂ ಮೇಲೆ ಹೋದರು. ಆಸ್ಟ್ರಿಡ್ ಎಂಬ ಹುಡುಗಿಯೊಬ್ಬಳು ನೀರು ತುಂಬಿಸಿಕೊಳ್ಳುತ್ತ ಹಿಂದುಳಿದು, ಆಮೇಲೆ ದಡದಡ ಮೆಟ್ಟಿಲು ಹತ್ತಿದಳು. ಬಾಟಲಿ ಮೇಲೆ ಒಯ್ಯುವಂತಿಲ್ಲ. ಏದುಸಿರು ಬಿಡುತ್ತ ಹಿಂದೆಯೇ ಹತ್ತಿ ಅದನ್ನು ಇಸಿದುಕೊಂಡೆ. ಕರಿ ಬಣ್ಣದ, ಉದ್ದನೆಯ ಸ್ಟೀಲ್ ಬಾಟಲಿ. ಅಷ್ಟರಲ್ಲಿ ಆ ಕೋಣೆಯ ಬಾಗಿಲು ಮುಚ್ಚಿಯಾಗಿತ್ತು. ಹುಡುಗಿ ಅಲ್ಲೇ ನಿಂತಳು.

ಈ ಸಲ ಹೊರಗೆ ಒಂದು ಮಗು ನಿಜವಾಗಿಯೂ ಇದೆ, ಅರ್ಲೀನ್ ತೆಗೆಯಲಿ ಎಂದು ನನಗನಿಸಿತು. ಅವಳ ಕೆಲಸದ ನೆನಪೇ ಬರಲಿಲ್ಲ.

“ತಟ್ಟು ಮಗೂ. ನಿನ್ನ ಹೆಸರು ಹೇಳು. ಒಳಗಿರೋಳು ನಮ್ಮ ಅರ್ಲೀನ್, ತೆಗೀತಾಳೆ,” ಅಂದೆ.

“ಚಿಲಕ ಹಾಕಿದ ಮೇಲೆ ತಟ್ಟಬಾರದು ಅಂತಾರೆ ಸ್ಕೂಲಲ್ಲಿ,” ಅಂದಳು.

“ಅಯ್ಯೋ, ತಟ್ಟು ಅಂದ್ರೆ.”

ತಟ್ಟಿದಳು. “ನಾನು ಆಸ್ಟ್ರಿಡ್. ಹೊರಗೆ ಉಳಿದುಬಿಟ್ಟೆ.”

ಒಳಗೇನು ನಡೆಯಿತೆಂದು ಅರ್ಲೀನ್ ನನಗೆ ಹೇಳಿದ್ದು ಆಮೇಲೆ, ಕೀತ್ ಅವಳನ್ನು ಮನೆಗೆ ಕಳಿಸಿದ ಮೇಲೆ. ದೀಪ ಆರಿದೊಡನೆ ಟೀಚರು ಬಾಯಿ ಬಿಡುವ ಮುಂಚೆಯೇ ಮಕ್ಕಳು ಮೂಲೆಗೆ ಸರಿದು, ಮಂಡಿ ಮಡಚಿ, ಒಬ್ಬರಿಗೊಬ್ಬರು ಒತ್ತಿಕೊಂಡು ಕೂತುಬಿಟ್ಟಿದ್ದರಂತೆ. ಯಾರೂ ನಗಲಿಲ್ಲವಂತೆ. ಯಂತ್ರ ತಟ್ಟುವ ಹೊತ್ತು ಇನ್ನೂ ಆಗಿರಲಿಲ್ಲ. ಹೊರಗೆ ಹುಡುಗಿಯ ದನಿ ಕೇಳಿ ಅರ್ಲೀನ್ ಎದ್ದಳು. ಮೂಲೆಯಿಂದ ಒಬ್ಬ ಹುಡುಗ ಪಿಸುಗುಟ್ಟಿದನಂತೆ, “ಬೇಡ ಮಿಸ್, ಬೇಡ, ಬೇಡ.” ಅವಳು ಚಿಲಕ ಸರಿಸಿದಳು.

ಬಾಗಿಲು ತೆರೆದಾಗ ಅವಳ ಮುಖ ಕಂಡೆ. ಕಣ್ಣು ತುಂಬಿತ್ತು, ಎರಡೂ ಕೈ ಚಾಚಿದ್ದಳು.

“ಬಾ ಚಿನ್ನಾ, ಬಾ ಒಳಗೆ.”

ಹುಡುಗಿ ಮುಂದೆ ಹೋಗಲಿಲ್ಲ. “ಯಾಕೆ ತೆಗೆದ್ರಿ?”

“ನೀನು ತಟ್ಟಿದೆಯಲ್ಲ...”

“ತಟ್ಟಿದ್ರೂ ತೆಗೀಬಾರದು. ಗೊತ್ತಿಲ್ವಾ ನಿಮಗೆ?” ಅಂದಳು. “ನನ್ನ ಹಿಂದೆ ಯಾರಾದ್ರೂ ನಿಂತ್ಕೊಂಡು, ನನ್ನ ಕೈಲಿ ಹಾಗೆ ಹೇಳಿಸ್ತಾ ಇದ್ದಿದ್ರೆ?”

ಮೂಲೆಯಲ್ಲಿದ್ದ ಮಕ್ಕಳೆಲ್ಲ ಅವಳ ಹಿಂದೆ ನೋಡಿದರು. ಅವಳ ಹಿಂದೆ ನಾನು ನಿಂತಿದ್ದೆ, ಕೈಯಲ್ಲಿ ಆ ಕರಿ ಬಾಟಲಿ ಹಿಡಿದುಕೊಂಡು. ಯಾವುದೋ ಮಗು ಕಿಟಾರನೆ ಕಿರುಚಿತು. ಬಾಟಲಿಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಅದು ಇನ್ನೂ ದೊಡ್ಡ ತಪ್ಪು.

ಅರ್ಲೀನಳೂ ನನ್ನನ್ನು ನೋಡಿದಳು. ಎಂಟು ವರ್ಷ ಪಕ್ಕದಲ್ಲಿ ಕೂತು ಉಂಡವಳು. ಒಂದು ಗಳಿಗೆ ನನ್ನ ಗುರುತೇ ಹತ್ತದವಳ ಹಾಗೆ ನೋಡಿ, ಹುಡುಗಿಯ ತೋಳು ಹಿಡಿದು ಒಳಗೆಳೆದುಕೊಂಡಳು. ಬಾಗಿಲು ಮುಚ್ಚಿತು. ಚಿಲಕ ಬಿತ್ತು.

“ಅರ್ಲೀನ್, ನಾನು ಕಣೇ, ವರ್ನ್,” ಅಂದೆ.

ಮೂರನೆಯ ನಿಮಿಷ ಆಗಿರಬೇಕು. ಬಾಗಿಲು ಮೂರು ಸಲ ತಟ್ಟಿದ ಸದ್ದಾಯಿತು, ಒಳಗೆ ಮಕ್ಕಳು ಅಳತೊಡಗಿದರು. ನಾನು ಬಾಗಿಲು ಮುಟ್ಟಿರಲಿಲ್ಲ.